ನಮ್ಮ ಶಾಲೆಯನ್ನು ಮತ್ತೆ ಕಟ್ಟುವಾಗ

(ಶತಮಾನೋತ್ಸವದ ಉಪನ್ಯಾಸ ಮಾಲೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳನ್ನು ಪೂರೈಸಿದ ದೇವಾಲಯದ ಚರಿತ್ರೆಯನ್ನು ಬಣ್ಣಿಸಲು ನಮಗಿಂತ ಹಿರಿಯರೂ ಅರ್ಹರೂ ಆದವರು ಈ ಸಭೆಯಲ್ಲಿದ್ದಾರೆ. ನಮಗೆ ವಹಿಸಿಕೊಟ್ಟಿರುವ ವಿಷಯ ಬೇರೆ. ನಮ್ಮ ನಾಡಿನಲ್ಲಿ ದೇವಾಲಯವಿದ್ದಲ್ಲಿ ಅದರ ಮಗ್ಗುಲಲ್ಲೇ ಒಂದು ಶಾಲೆ ಇರುವುದು ವಾಡಿಕೆ. ಹಿರಿಯರು ಕಟ್ಟಿದ ಅಂಥ ಶಾಲೆಗಳ ಕೊಠಡಿಗಳು ಇಂದು ಸಾಲದಾಗಿವೆ. ಮಾಳಿಗೆ ಸೋರುತ್ತದೆ, ಗೋಡೆ ಬಿರುಕು ಬಿಟ್ಟಿದೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಕಡೆಗಳಲ್ಲಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಹಾಗೆ ಕಟ್ಟುವ ಶಾಲೆಯು ನೀರು, ಮಣ್ಣು, ಗಾಳಿ, ಬೆಳಕುಗಳೊಡನೆ ಹೇಗೆ ಹೊಂದಿ ಬಾಳಬೇಕೆಂಬುದೇ ಇಂದಿನ ನಮ್ಮ ವಿಚಾರ. ಕಟ್ಟಡ ಒಮ್ಮೆ ಎದ್ದು ನಿಂತರೆ ಐವತ್ತು ಅರವತ್ತು ವರ್ಷ ಅದೇ ಇರುತ್ತದೆ. ಆದ್ದರಿಂದ ಅಡಿಗಲ್ಲು ಇಡುವ ಮೊದಲೇ ಯೋಚಿಸುವುದು ಒಳಿತು.

ಮೊದಲು ನೀರಿನ ಮಾತು. ಬೆಂಗಳೂರಿಗೆ ಕೊಳಾಯಿ ನೀರು ಮೊದಲು ಬಂದದ್ದು ನಮ್ಮ ಉತ್ತರ ಭಾಗದ ನೆರೆಯಿಂದಲೇ. 1896ರಲ್ಲಿ ಅರ್ಕಾವತಿಯ ನೀರು ಹೆಸರಘಟ್ಟದ ಕೆರೆಯಿಂದ ನಗರಕ್ಕೆ ಹರಿಯಿತು. ಆ ಮೂಲ ಸಾಲದಾಗಿ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, 1974ರಲ್ಲಿ ಕಾವೇರಿಯ ಮೊದಲ ಹಂತವೂ ಬಂದವು. ಇಂದು ನಾವು ಕುಡಿಯುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ವಿದ್ಯುತ್ ಪಂಪುಗಳ ಬಲದಿಂದ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಊರಿಗೆ ಏರಿ ಬರುತ್ತದೆ. ಅಷ್ಟು ದೂರದ ನೀರನ್ನು ಪಾಯಿಖಾನೆಗೆ ಸುರಿಯುವುದು ನ್ಯಾಯವೇ ಎಂಬ ಪ್ರಶ್ನೆಯನ್ನು ಶಾಲೆಯ ಮಕ್ಕಳೇ ಕೇಳಿದರೆ ನಾವೇನು ಉತ್ತರ ಕೊಡೋಣ?

2024ನೆಯ ವರ್ಷವನ್ನು ನೆನಪಿಗೆ ತಂದುಕೊಳ್ಳಿ. ಮಾರ್ಚ್ ತಿಂಗಳಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆ ಬಾವಿಗಳ ಪೈಕಿ 6,900 ಬತ್ತಿಹೋಗಿವೆಯೆಂದು ಸರ್ಕಾರವೇ ಪ್ರಕಟಿಸಿತು. ಮನೆಮನೆಗೂ ಟ್ಯಾಂಕರಿನ ಚಿಂತೆ ಹತ್ತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ಮಳೆಯ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಬರವೂ ನೆರೆಯೂ ಒಂದೇ ಊರಿಗೆ, ಒಂದೇ ವರ್ಷದಲ್ಲಿ. ಈ ಎರಡು ಸಂಕಟಗಳ ಮೂಲ ಒಂದೇ: ಬಿದ್ದ ಮಳೆಗೆ ನಿಲ್ಲಲು ತಾಣವಿಲ್ಲ, ಇಂಗಲು ನೆಲವಿಲ್ಲ. ಆ ಅಕ್ಟೋಬರಿನಲ್ಲೇ ಕಾವೇರಿಯ ಐದನೆಯ ಹಂತ ಉದ್ಘಾಟನೆಗೊಂಡು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಕೊಡುವ ಏರ್ಪಾಡಾಯಿತು. ಇದು ಸಂತೋಷದ ಸಂಗತಿ. ಆದರೂ ದೂರದ ನದಿ ಬಂದಿತೆಂದು ತಲೆಯ ಮೇಲಿನ ಮಳೆಯನ್ನು ಬಿಟ್ಟುಕೊಡಲಾಗದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಶಾಲೆಯ ಚಾವಣಿ ಸಾವಿರ ಚದರ ಮೀಟರ್ ಇದ್ದರೆ, ಐದನೆಯ ಒಂದು ಪಾಲು ಆವಿಯಾಗಿಯೂ ಚೆಲ್ಲಿಯೂ ಹೋಯಿತೆಂದು ಬಿಟ್ಟರೂ, ವರ್ಷಕ್ಕೆ ಸುಮಾರು 7,76,000 ಲೀಟರ್ ಕೈಗೆ ಸಿಗುತ್ತದೆ. 6,000 ಲೀಟರಿನ ಟ್ಯಾಂಕರುಗಳಲ್ಲಿ ಅಳೆದರೆ ಅದು 129 ಟ್ಯಾಂಕರು. 2024ರಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ ಅಂಥ ಟ್ಯಾಂಕರಿಗೆ 600 ರೂಪಾಯಿ ದರ ಗೊತ್ತುಮಾಡಿತ್ತು. ಆ ದರದಲ್ಲಿ ನಮ್ಮ ಚಾವಣಿಯ ಮಳೆಯ ಬೆಲೆ 77,400 ರೂಪಾಯಿ!

ಆದರೆ ಮಳೆಯೊಂದರಿಂದಲೇ ಶಾಲೆ ನಡೆಯುವುದೆಂದು ಯಾರೂ ತಿಳಿಯಬಾರದು. ಹಗಲು ಶಾಲೆಗೆ ತಲೆಗೆ ದಿನಕ್ಕೆ 45 ಲೀಟರ್ ಬೇಕೆಂಬುದು ಭಾರತೀಯ ಮಾನಕದ ಲೆಕ್ಕ. 500 ಮಕ್ಕಳಿಗೆ ದಿನಕ್ಕೆ 22,500 ಲೀಟರ್ ಆಯಿತು. ಈ ಗತಿಯಲ್ಲಿ ವರ್ಷದ ಮಳೆ ಐದು ವಾರಗಳಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಉಪಯೋಗವನ್ನು ವಿಂಗಡಿಸಬೇಕು. ಮಗುವಿಗೆ ಎರಡು ಲೀಟರಿನಂತೆ ಕುಡಿಯಲು ಬೇಕಾದುದು ದಿನಕ್ಕೆ ಸಾವಿರ ಲೀಟರ್ ಮಾತ್ರ. 50,000 ಲೀಟರಿನ ಒಂದು ತೊಟ್ಟಿ ತುಂಬಿದರೆ ಐವತ್ತು ಶಾಲಾ ದಿನಗಳ ಕುಡಿಯುವ ನೀರು ನಮ್ಮದಾಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಕ್ಕೆ ಬಿಟ್ಟು, ಉಳಿದುದನ್ನು ಮರಳು ಜಲ್ಲಿಗಳ ಸೋಸುತೊಟ್ಟಿಯ ಮೂಲಕ ಹಾಯಿಸಿ, ಕುಡಿಯುವ ಮುನ್ನ ಕುದಿಸಿ ಅಥವಾ ಯಂತ್ರದಲ್ಲಿ ಶುದ್ಧಿ ಮಾಡಿ ಬಳಸಬೇಕು. ತೊಟ್ಟಿ ತುಂಬಿ ಮಿಗುವ ನೀರು ಇಂಗುಬಾವಿಗೆ ಹೋಗಲಿ. ಒಂದು ಸಂಜೆ 60 ಮಿಲಿಮೀಟರ್ ಮಳೆ ಸುರಿದರೆ ಅದೇ ಚಾವಣಿಯಿಂದ ಸುಮಾರು 60,000 ಲೀಟರ್ ಧುಮುಕುತ್ತದೆ. ಇಂಗುಬಾವಿಯಿಲ್ಲದಿದ್ದರೆ ಆ ನೀರೆಲ್ಲ ಗೇಟಿನಿಂದ ಹೊರಬಿದ್ದು ಕೆಳಗಿನ ಬೀದಿಯ ಬಡವರ ಮನೆಗೆ ನುಗ್ಗುತ್ತದೆ. ಆದ್ದರಿಂದ ಇಂಗುಬಾವಿ ತೋಡುವುದು ನೆರೆಹೊರೆಗೆ ಮಾಡುವ ಉಪಕಾರವೂ ಹೌದು. ಈ ಕೆಲಸದಲ್ಲಿ ಪಳಗಿದ ಮಣ್ಣು ವಡ್ಡರ ಕುಟುಂಬಗಳು ನಮ್ಮ ನಗರದ ಸುತ್ತಲೂ ಇವೆ. 2015ರಲ್ಲಿ ಆರಂಭವಾದ 'ಹತ್ತು ಲಕ್ಷ ಬಾವಿ'ಗಳ ಆಂದೋಲನದಿಂದ ಅವರ ಕೈಗೆ ಮರಳಿ ಕೆಲಸ ಸಿಕ್ಕಿದೆ. 2009ರಲ್ಲಿಯೇ ಜಲಮಂಡಳಿಯ ಕಾನೂನಿಗೆ ತಿದ್ದುಪಡಿಯಾಗಿ ಮಳೆನೀರು ಸಂಗ್ರಹ ಕಡ್ಡಾಯವಾಗಿದೆಯಾದ್ದರಿಂದ, ಇದನ್ನು ಬಿಡುವ ಅಧಿಕಾರವೂ ನಮಗಿಲ್ಲ.

ಇನ್ನು, ಕೈ ತೊಳೆದ ನೀರನ್ನು ಶುದ್ಧಿಮಾಡಿ ಪಾಯಿಖಾನೆಗೂ ತೋಟಕ್ಕೂ ತಿರುಗಿಸಬಹುದು. ಮೇಲೆ ಹೇಳಿದ 45 ಲೀಟರಿನಲ್ಲಿ 20 ಲೀಟರ್ ಪಾಯಿಖಾನೆಗೇ ಹೋಗುತ್ತದೆ. ಎಂದರೆ 500 ಮಕ್ಕಳ ಶಾಲೆಗೆ ದಿನಕ್ಕೆ 10,000 ಲೀಟರ್. ಬಳಸಿದ ನೀರು ಮತ್ತೆ ಪ್ರಯೋಜನಕ್ಕೆ ಬರುವುದೇ ಎಂದು ಸಂಶಯಪಡುವವರು ಜಕ್ಕೂರು ಕೆರೆಯ ದಂಡೆಗೆ ಹೋಗಿ ನೋಡಬೇಕು. ಅಲ್ಲಿ ಜಲಮಂಡಳಿಯ ಘಟಕದಲ್ಲಿ ಶುದ್ಧಿಗೊಂಡ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆಯನ್ನು ಸೇರುತ್ತದೆ. ಕೆರೆಯಲ್ಲಿ ಮೀನುಗಾರರಿದ್ದಾರೆ, ಹಕ್ಕಿಗಳಿವೆ.

ನೀರಿನ ತರುವಾಯ ಗೋಡೆ. ಸುಟ್ಟ ಇಟ್ಟಿಗೆಯ ಗೂಡಿಗೆ ಸೌದೆಯೋ ಕಲ್ಲಿದ್ದಲೋ ಬೇಕು. ನಮ್ಮ ಸೀಮೆಯ ಕೆಮ್ಮಣ್ಣಿಗೆ ಅಷ್ಟು ಬೆಂಕಿಯ ಅಗತ್ಯವಿಲ್ಲ. 1974ರಲ್ಲಿ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ 'ಅಸ್ತ್ರ' ಎಂಬ ವಿಭಾಗವು, ಹಳ್ಳಿಗಳಿಗೆ ಒಪ್ಪುವ ತಂತ್ರವಿದ್ಯೆಯನ್ನು ಅರಸುತ್ತ, ಕೆ.ಎಸ್. ಜಗದೀಶ್ ಮೊದಲಾದವರ ಪರಿಶ್ರಮದಿಂದ ಒತ್ತುಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದಿತು. ಜರಡಿ ಹಿಡಿದ ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಇದಕ್ಕೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯದರ ಅರ್ಧಕ್ಕಿಂತ ಕಡಿಮೆ. ನಮಗೆ ಸಮೀಪದ ವಿದ್ಯಾರಣ್ಯಪುರದಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಜಲತಜ್ಞ ಎಸ್. ವಿಶ್ವನಾಥ್ ದಂಪತಿಗಳು ನೆಲಮಾಳಿಗೆಗಾಗಿ ಅಗೆದ ಮಣ್ಣಿನಿಂದಲೇ ಇಟ್ಟಿಗೆ ಮಾಡಿ ಮನೆ ಕಟ್ಟಿಕೊಂಡಿದ್ದಾರೆ. ಮಾಳಿಗೆಯ ಮೇಲೆ ಮಳೆ ಹಿಡಿದು, ಬಳಸಿದ ನೀರಿನಲ್ಲಿ ಭತ್ತವನ್ನೂ ಬೆಳೆದಿದ್ದಾರೆ. ತಳಪಾಯದ ಮಣ್ಣನ್ನು ಲಾರಿಗೆ ತುಂಬಿ ಹೊರಗೆ ಸಾಗಿಸುವ ಬದಲು ಗೋಡೆಯಾಗಿಸುವ ಈ ಉಪಾಯ ಶಾಲೆಗೂ ಒಪ್ಪುತ್ತದೆ. ಅಂತೆಯೇ ಹಳೆಯ ಕಟ್ಟಡದ ತೇಗದ ಬಾಗಿಲು, ಕಿಟಕಿ, ಸಾದಹಳ್ಳಿ ಕಲ್ಲಿನ ಚಪ್ಪಡಿಗಳು ಗುಜರಿಗೆ ಹೋಗದೆ ಹೊಸ ಜಗಲಿಗೂ ಮೆಟ್ಟಿಲಿಗೂ ಸಲ್ಲಲಿ. ಹಿರಿಯರ ಬೆವರು ಅವುಗಳಲ್ಲಿದೆ.

ಚಾವಣಿಗೆ ಬಂದರೆ, ಕಾಂಕ್ರೀಟಿನ ತಾರಸಿಯ ಕೆಳಭಾಗದಲ್ಲಿ ಭಾರ ಹೊರುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಆದ್ದರಿಂದ ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ತುಂಬಿದರೆ ಸಿಮೆಂಟು ಉಳಿಯುತ್ತದೆ, ಸೆಕೆಯೂ ತಗ್ಗುತ್ತದೆ. ಕೇರಳದಲ್ಲಿ ನೆಲೆಸಿ 2007ರಲ್ಲಿ ನಿಧನರಾದ ಲಾರಿ ಬೇಕರ್ ಅವರು ಬಡವರ ಮನೆಗಳಿಗೂ ದೇವಾಲಯಗಳಿಗೂ ಶಾಲೆಗಳಿಗೂ ಈ ಕ್ರಮವನ್ನು ಬಳಸಿದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡತೊಡಗಿದ ಹೆಂಚಿಗೆ ಹೀಗೆ ಎರಡನೆಯ ಬಾಳು ದೊರೆತಂತಾಯಿತು.

ಬೆಳಕು ಗಾಳಿಗಳಿಗೆ ಹಣ ಬೇಡ, ವಿವೇಕ ಸಾಕು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ಮಧ್ಯಾಹ್ನ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೂ, ಉಳಿದ ಕಾಲದಲ್ಲಿ ದಕ್ಷಿಣಕ್ಕೂ ಇರುತ್ತಾನೆ. ನೆತ್ತಿಯ ಬಳಿಯ ಆ ಬಿಸಿಲನ್ನು ಸಾಧಾರಣ ಸಜ್ಜವೇ ತಡೆಯುತ್ತದೆ. ತಡೆಯಲು ಕಷ್ಟವಾದುದು ಪಡುವಣದ ಇಳಿಬಿಸಿಲು. ಆದ್ದರಿಂದ ಕಟ್ಟಡದ ಉದ್ದದ ಮುಖಗಳು ತೆಂಕಣ ಬಡಗಣಕ್ಕೆ ಇರಲಿ. ಪಡುವಣದಲ್ಲಿ ಮೆಟ್ಟಿಲು, ಉಗ್ರಾಣ, ಶೌಚಾಲಯಗಳು ಬರಲಿ. ತರಗತಿಗೆ ಎರಡೂ ಮಗ್ಗುಲಲ್ಲಿ ಕಿಟಕಿಗಳಿರಲಿ; ಮೇಲುಗಡೆ ಬೆಚ್ಚನೆಯ ಗಾಳಿ ಹೊರಹೋಗಲು ಗವಾಕ್ಷಿಗಳಿರಲಿ. ಮಕ್ಕಳ ಎಡಗಡೆಯಿಂದ ಬೆಳಕು ಬಿದ್ದರೆ ಬರೆಯುವ ಕೈಯ ನೆರಳು ಪುಟದ ಮೇಲೆ ಬೀಳದೆಂಬುದು ಹಳೆಯ ಮೇಷ್ಟರುಗಳೆಲ್ಲ ಬಲ್ಲ ಸಂಗತಿ. ನಮ್ಮ ನಗರದ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಬಿ.ವಿ. ದೋಶಿಯವರು ಬೂದುಗಲ್ಲಿನ ಗೋಡೆಗಳನ್ನೂ, ಬಳ್ಳಿ ಹಬ್ಬಿದ ಉದ್ದನೆಯ ಮೊಗಸಾಲೆಗಳನ್ನೂ, ಅಂಗಳಗಳನ್ನೂ ಹೆಣೆದು, ನಡೆದಾಡುವ ಹಾದಿಯನ್ನೇ ತಂಪಾದ ಕಲಿಕೆಯ ತಾಣವಾಗಿಸಿದರು. ಅಂಥ ಒಂದು ಅಂಗಳ, ನಡುವೆ ಒಂದು ಹೊಂಗೆಯ ಮರ, ಬಡ ಶಾಲೆಗೂ ನಿಲುಕದ್ದೇನಲ್ಲ. ಬಿಸಿಲು ಏರುವ ಮಾರ್ಚಿಗೆ ಹೊಂಗೆ ಹೊಸ ತಳಿರು ತೊಟ್ಟು ನೆರಳು ಚೆಲ್ಲುತ್ತದೆ. ಇರುವ ಮರವನ್ನು ಕಡಿದು ನಕ್ಷೆ ಬರೆಯುವುದಕ್ಕಿಂತ, ಮರವನ್ನು ಗುರುತಿಸಿ ನಕ್ಷೆ ಬರೆಯುವುದು ಲೇಸು.

ಸೂರ್ಯನ ಬೆಳಕಿನಿಂದ ವಿದ್ಯುತ್ ಪಡೆಯುವ ಫಲಕಗಳು ಈಗ ಸುಲಭವಾಗಿವೆ. ಹತ್ತು ಕಿಲೋವ್ಯಾಟಿನ ಏರ್ಪಾಡು ಈ ಊರಿನಲ್ಲಿ ದಿನಕ್ಕೆ ಸರಾಸರಿ ನಲವತ್ತು ಯೂನಿಟ್ ಕೊಡಬಲ್ಲದು. ರಜೆಯ ದಿನಗಳಲ್ಲಿ ಮಿಕ್ಕಿದ್ದನ್ನು ವಿದ್ಯುತ್ ಕಂಪನಿಯ ತಂತಿಗೆ ಕೊಡಲು ಅವಕಾಶವಿದೆ. ವ್ಯಾಟಿಕನ್ನಿನ ಆರನೆಯ ಪೌಲರ ಸಭಾಭವನದ ಮೇಲೆ 2008ರಲ್ಲೇ ಇಂಥ ಸುಮಾರು 2,400 ಫಲಕಗಳನ್ನು ಹಾಸಲಾಯಿತು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು 'ಲೌದಾತೋ ಸಿ' ಎಂಬ ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಸಾಮಾನ್ಯ ಮನೆಯೆಂದು ಕರೆದು, ಅದರ ಆರೈಕೆಯನ್ನೂ ಬಡವರ ಆರೈಕೆಯನ್ನೂ ಒಂದೇ ಕರ್ತವ್ಯವಾಗಿ ಕಂಡದ್ದು ನಿಮಗೆಲ್ಲ ತಿಳಿದದ್ದೇ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ತೊಟ್ಟಿ, ಸೋಸುಗುಂಡಿ, ಫಲಕಗಳನ್ನು ಉದ್ಘಾಟನೆಯ ದಿನ ಎಲ್ಲರೂ ನೋಡಿ ಮೆಚ್ಚುತ್ತಾರೆ. ಮೂರನೆಯ ವರ್ಷ ಸೋಸುಗುಂಡಿಯಲ್ಲಿ ಎಲೆ ಕೊಳೆತು, ಫಲಕದ ಮೇಲೆ ಧೂಳು ಕೂತರೆ ಅವು ಅಲಂಕಾರ ಮಾತ್ರವಾಗುತ್ತವೆ. ಆದ್ದರಿಂದ ಕಟ್ಟಡದ ನಿಧಿಯ ಜೊತೆಗೇ ಪಾಲನೆಯ ನಿಧಿಯೊಂದನ್ನು ತೆಗೆದಿಡಬೇಕು. ಮುಂಗಾರಿನ ಮೊದಲು ಚಾವಣಿ ಗುಡಿಸುವುದು ಯಾರ ಹೊಣೆ, ಸೋಸುಮರಳು ತೊಳೆಯುವುದು ಯಾವ ತಿಂಗಳು, ಬಾವಿಯ ನೀರಿನ ಮಟ್ಟ ಬರೆದಿಡುವುದು ಯಾವ ತರಗತಿ ಎಂಬುದನ್ನು ಬರೆದು ತೂಗುಹಾಕಬೇಕು. ಮಳೆಮಾಪಕವನ್ನು ದಿನವೂ ನೋಡಿ ಬರೆಯುವ ಏಳನೆಯ ತರಗತಿಯ ಹುಡುಗಿಗೆ ಗಣಿತವೂ ವಿಜ್ಞಾನವೂ ಒಟ್ಟಿಗೆ ಬರುತ್ತವೆ. ನೀರನ್ನು ಗೌರವಿಸುವ ಗುಣವೂ ಬರುತ್ತದೆ. ಇಂಥ ಶಾಲೆಗೆ ಆರಂಭದಲ್ಲಿ ಒಂದಿಷ್ಟು ಹೆಚ್ಚು ಖರ್ಚಾಗಬಹುದು. ಆದರೆ ಟ್ಯಾಂಕರಿಗೂ ವಿದ್ಯುತ್ತಿಗೂ ವರ್ಷವರ್ಷವೂ ತೆರುವ ಹಣ ಬಡ ಮಕ್ಕಳ ಶುಲ್ಕದಿಂದಲೇ ಬರಬೇಕಾದುದೆಂಬುದನ್ನು ಕಟ್ಟಡ ಸಮಿತಿಯವರು ಮನಸ್ಸಿನಲ್ಲಿಟ್ಟು ನಿರ್ಧಾರ ಕೈಗೊಳ್ಳಬೇಕೆಂದು ವಿನಂತಿಸುತ್ತೇವೆ.

ಹಿರಿಯರು ತಮ್ಮ ಕಾಲಕ್ಕೆ ತಕ್ಕುದನ್ನು ಕಲ್ಲು ಗಾರೆಗಳಲ್ಲಿ ಕಟ್ಟಿಕೊಟ್ಟರು. ಎರಡನೆಯ ಶತಮಾನದ ಮಕ್ಕಳಿಗೆ ತಣ್ಣನೆಯ ತರಗತಿಯನ್ನೂ, ನೀರಿರುವ ಬಾವಿಯನ್ನೂ, ನೆರಳಿರುವ ಅಂಗಳವನ್ನೂ ಕೊಡುವ ಸರದಿ ನಮ್ಮದು.