ಡಿಕ್ರಿ ಬಂದ ಮೇಲೆ



ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ತಾವೆಲ್ಲರೂ ಕೇಳಿದ್ದೀರಿ. ಸೋತವನ ಗತಿಯೇನೋ ತಿಳಿಯತಕ್ಕದ್ದೇ. ಗೆದ್ದವನು ಸೋಲುವುದು ಹೇಗೆ? ಈ ಹೊತ್ತು ಅದನ್ನೇ ವಿಚಾರಮಾಡೋಣ.

ಹುಣಸೂರಿನ ಗೊಬ್ಬರದಂಗಡಿಯವನೊಬ್ಬನನ್ನು ಭಾವಿಸಿಕೊಳ್ಳಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ವಯನಾಡಿನ ಕಡೆಯ ಬೇಸಾಯಗಾರರು ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವುದು ವಾಡಿಕೆಯಾಗಿದೆ. ಅಂಥವನೊಬ್ಬನಿಗೆ ಅಂಗಡಿಯವನು ಗೊಬ್ಬರ, ಔಷಧಿಗಳನ್ನು ಉದ್ದರಿ ಕೊಟ್ಟ. ಶುಂಠಿಯ ಧಾರಣೆ ಬಿದ್ದುಹೋಯಿತು. ಬೆಳೆಗಾರನು ಬಾವಲಿಯಾಚೆಯ ತನ್ನ ಊರಿಗೆ ಹೊರಟುಹೋದ. ಅವನನ್ನು ಮೋಸಗಾರನೆನ್ನಬೇಕಾಗಿಲ್ಲ, ಧಾರಣೆ ಅವನನ್ನೂ ಮುಳುಗಿಸಿತು. ಅಂಗಡಿಯವನು ಹುಣಸೂರಿನಲ್ಲಿ ದಾವೆ ಹೂಡಿ ಕಡೆಗೊಮ್ಮೆ ಡಿಕ್ರಿ ಪಡೆದ.

ಪಡೆದುದು ಕಾಗದ; ಹಣವಲ್ಲ. ಹಿಂದೂಸ್ಥಾನದ ಕಕ್ಷಿಗಾರನಿಗೆ ತೊಂದರೆ ಮೊದಲಾಗುವುದೇ ಡಿಕ್ರಿ ಬಂದ ಮೇಲೆ ಎಂಬ ಅರ್ಥದ ಮಾತನ್ನು ಲಂಡನ್ನಿನ ಪ್ರಿವಿ ಕೌನ್ಸಿಲು 1872ರಲ್ಲಿಯೇ ಆಡಿತ್ತು. ಈಗಲೂ ನಡೆಯುತ್ತಿರುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಡಿಕ್ರೀದಾರನೇ ಅಮಲ್ಜಾರಿಯ ಅರ್ಜಿ ಹಾಕಬೇಕು, ಜಫ್ತಿಗೆ ಋಣಿಯ ಆಸ್ತಿಯನ್ನು ತೋರಿಸಿಕೊಡಬೇಕು. ಹುಣಸೂರಿನ ಅಮೀನನು ವಯನಾಡಿನಲ್ಲಿ ಜಫ್ತಿಮಾಡಲಾರ. ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬೇಕು. ಅಲ್ಲಿ ಹೊಸ ವಕೀಲರು, ಹೊಸ ಭಾಷೆ, ಹೊಸ ತಕರಾರು. ಹೀಗೆ ಹನ್ನೆರಡು ವರ್ಷ ಕಳೆದರೆ ಹೊಸ ಅರ್ಜಿಗೆ ಕಾಲಾವಧಿಯೇ ಮೀರುತ್ತದೆ.

ಹಾಗಾದರೆ ಫಸಲು ಹೊಲದಲ್ಲಿರುವಾಗಲೇ ಏಕೆ ತಡೆಯಬಾರದು? ತೀರ್ಪಿಗೆ ಮುಂಚೆ ಜಫ್ತಿಗೆ ಕಾನೂನಿನಲ್ಲಿ ಅವಕಾಶವುಂಟು. ಕೃಷ್ಣರಾಜನಗರದ ಗಿರಣಿಯಿಂದ ಅಕ್ಕಿ ಕೊಂಡ ವರ್ತಕನು ಸಾಲ ತಪ್ಪಿಸುವುದಕ್ಕೆಂದೇ ಮೂಟೆಗಳನ್ನು ಸಾಗಿಸುತ್ತಿದ್ದರೆ ಹಿಡಿಸಬಹುದು. ಆದರೆ ಬೇಸಾಯಗಾರನ ವಶದಲ್ಲಿರುವ ಫಸಲನ್ನು ಹಾಗೆ ಹಿಡಿಯಕೂಡದು. ಡಿಕ್ರಿಯ ಮೇಲೆಯೂ ಅವನ ಅಡಿಗೆಯ ಪಾತ್ರೆ, ನೇಗಿಲು, ಉಳುವ ದನ, ವಾಸದ ಮನೆಗಳಿಗೆ ರಕ್ಷಣೆಯುಂಟು. ನಿಜವಾಗಿ ಕೈಲಾಗದವನನ್ನು ಸಾಲಕ್ಕಾಗಿ ಸೆರೆಗೆ ಕಳುಹಿಸಲಾಗದೆಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿತು. ಈ ರಕ್ಷಣೆಗಳನ್ನು ತೆಗೆಯಬೇಕೆಂದು ನಾನು ಹೇಳಲಾರೆ. ಆದರೆ ಇವುಗಳ ನೆರಳಿನಲ್ಲಿ ಶಕ್ತನೂ ಅಶಕ್ತನಂತೆ ಕುಳಿತಿರಬಹುದಷ್ಟೆ!

ಇದೇ ಸೀಮೆಯ ಹೊಗೆಸೊಪ್ಪಿನ ವ್ಯವಹಾರವನ್ನು ನೋಡಿ. 1984ರಿಂದ ಕರ್ನಾಟಕದಲ್ಲಿ ವರ್ಜೀನಿಯಾ ಹೊಗೆಸೊಪ್ಪು ತಂಬಾಕು ಮಂಡಳಿಯ ಹರಾಜುಕಟ್ಟೆಯಲ್ಲಿ ಮಾರಾಟವಾಗುತ್ತಿದೆ. ಕೊಂಡವರ ಹಣ ಮಂಡಳಿಯ ಮೂಲಕವೇ ಬರುವುದರಿಂದ ಬ್ಯಾಂಕಿನ ಬೆಳೆಸಾಲ ಅಲ್ಲಿಯೇ ವಜಾ ಆಗುತ್ತದೆ. ಬ್ಯಾಂಕಿಗೆ ಅಮೀನನ ಹಂಗಿಲ್ಲ. ಅದೇ ರೈತನ ಬ್ಯಾರನ್ನಿಗೆ ಸೌದೆ ಉದ್ದರಿ ಕೊಟ್ಟವನಿಗೆ ಮಾತ್ರ ಹುಣಸೂರಿನ ಅಂಗಡಿಯವನ ದಾರಿಯೇ ಗತಿ. ಅಂಥವನು ಏನು ಮಾಡುತ್ತಾನೆ? ಮುಂದಿನ ವರ್ಷ ಬೆಲೆ ಏರಿಸುತ್ತಾನೆ, ಇಲ್ಲವೆ ಪರಿಚಯವಿಲ್ಲದವನಿಗೆ ಉದ್ದರಿ ನಿಲ್ಲಿಸುತ್ತಾನೆ. ಒಬ್ಬನ ಬಾಕಿಯನ್ನು ಪ್ರಾಮಾಣಿಕರಾದ ಹತ್ತು ಮಂದಿ ಬಡ್ಡಿಸಹಿತ ತೀರಿಸಿದಂತಾಯಿತು.

ವಿಶ್ವಬ್ಯಾಂಕು 2020ರ ವರದಿಯಲ್ಲಿ, ಕರಾರನ್ನು ನ್ಯಾಯಾಲಯದಿಂದ ಜಾರಿಗೊಳಿಸಲು ಭಾರತದಲ್ಲಿ 1,445 ದಿನ ಬೇಕೆಂದು ಲೆಕ್ಕ ಕೊಟ್ಟಿತ್ತು. ಅದು ಮುಂಬಯಿ, ದೆಹಲಿಗಳನ್ನು ನೋಡಿ ಹಾಕಿದ ಲೆಕ್ಕ. ಪಿರಿಯಾಪಟ್ಟಣವನ್ನು ಅವರು ಕಂಡವರಲ್ಲ.

ಉಪಾಯ ಸಂಹಿತೆಯಲ್ಲಿಯೇ ಇದೆ. ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸೆಂದು ನ್ಯಾಯಾಲಯವು ಋಣಿಗೆ ಆಜ್ಞೆ ಮಾಡಬಹುದು; ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆ. ಇಲ್ಲದವನಿಗೆ ಇದರಿಂದ ಭಯವಿಲ್ಲ; ಬಚ್ಚಿಟ್ಟವನಿಗೆ ಉಂಟು. ಅಮಲ್ಜಾರಿಯನ್ನು ಆರು ತಿಂಗಳೊಳಗೆ ಮುಗಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. 2025ರ ಅಕ್ಟೋಬರಿನಲ್ಲಿ ದೇಶದ ಲೆಕ್ಕ ತರಿಸಿ ನೋಡಿದಾಗ ಉಳಿದಿದ್ದ ಅರ್ಜಿಗಳು 8,82,578. ಆ ದಿನದವರೆಗೆ ತನ್ನ ಲೆಕ್ಕವನ್ನು ಕಳುಹಿಸದಿದ್ದುದು ನಮ್ಮ ಕರ್ನಾಟಕದ ಹೈಕೋರ್ಟು.