ನಮ್ಮ ಇ-ಮೇಲ್‌ಗೂ ಒಂದು ಮರ್ಯಾದೆ ಉಂಟು

(ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳು ಮತ್ತು ಪುಸ್ತಕ ಬರೆಯುವ ಸದಸ್ಯೆಯರಿಗಾಗಿ ನಡೆದ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣ)



ಸಂಘ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ವಾರದ ಸಭೆ, ಉಳಿತಾಯ, ಸಾಲ, ಮರುಪಾವತಿ. ಇ-ಮೇಲ್ ಅಂದರೆ ಮಾತ್ರ "ಅದು ಆಫೀಸಿನವರ ವಿಷಯ ಸಿಸ್ಟರ್, ನಮಗ್ಯಾಕೆ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಈಗ ಎಷ್ಟೋ ಸಂಘಗಳು ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ, ಬಟ್ಟೆಯ ಚೀಲ ಮಾಡಿ ಮಾರುತ್ತಿವೆ. ಒಕ್ಕೂಟದ ಹೆಸರಿನಲ್ಲಿ ಒಂದು ಇ-ಮೇಲ್ ವಿಳಾಸ ಇರುತ್ತದೆ. ಹಬ್ಬದ ಬೆಲೆಪಟ್ಟಿ ಅದರಲ್ಲಿ ಹೋಗುತ್ತದೆ. ದೂರದ ಊರಿನ ಆರ್ಡರ್ ಅದರಲ್ಲಿ ಬರುತ್ತದೆ. ಬ್ಯಾಂಕಿನ ಕಾಗದ, ಇಲಾಖೆಯ ಸುತ್ತೋಲೆ ಕೂಡ ಅದಕ್ಕೇ ಬರುವುದುಂಟು.

ಆ ವಿಳಾಸದ ಹೆಸರು ಕೆಟ್ಟರೆ ಏನಾಗುತ್ತದೆ? ನಾವು ಕಳಿಸಿದ ಬೆಲೆಪಟ್ಟಿ ಗಿರಾಕಿಯ ಇನ್‌ಬಾಕ್ಸಿಗೆ ಹೋಗುವ ಬದಲು ಸ್ಪ್ಯಾಮ್ ಅನ್ನುವ ಬೇಡದ ಪತ್ರಗಳ ಡಬ್ಬಕ್ಕೆ ಬೀಳುತ್ತದೆ. ಅವರು ಅದನ್ನು ನೋಡುವುದೇ ಇಲ್ಲ. "ನಿಮ್ಮ ಪತ್ರ ಸಿಗಲಿಲ್ಲ" ಎಂದು ಯಾರೂ ಫೋನ್ ಮಾಡುವುದೂ ಇಲ್ಲ. ಯಾಕೆಂದರೆ ಪತ್ರ ಬಂದದ್ದೇ ಅವರಿಗೆ ಗೊತ್ತಿಲ್ಲ! ಇತ್ತ ನಾವು "ಈ ವರ್ಷ ವ್ಯಾಪಾರ ಕಡಿಮೆ" ಅಂದುಕೊಳ್ಳುತ್ತೇವೆ. ಹಪ್ಪಳ ಡಬ್ಬದಲ್ಲೇ ಮೆತ್ತಗಾಗುತ್ತದೆ. ನಷ್ಟ ಯಾರಿಗೆ? ಬಿಸಿಲಿನಲ್ಲಿ ನಿಂತು ಹಪ್ಪಳ ಒಣಗಿಸಿದ ನಮ್ಮ ಸದಸ್ಯೆಗೆ. ಆದ್ದರಿಂದ ಇದು ನಮ್ಮದೇ ವಿಷಯ.

ಪತ್ರವನ್ನು ಬೇರೆ ಮಾಡುವವರು ಯಾರು?

ಅಂಚೆಯಣ್ಣ ಪತ್ರವನ್ನು ವಿಳಾಸ ನೋಡಿ ಮನೆಗೆ ಕೊಡುತ್ತಾರೆ. ಕಳಿಸಿದವರು ಒಳ್ಳೆಯವರೋ ಕೆಟ್ಟವರೋ ಎಂದು ಕೇಳುವುದಿಲ್ಲ. ಇ-ಮೇಲ್ ಕೂಡ ಮೊದಲು ಹೀಗೇ ಇತ್ತು. 1978ರಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಎಂಬವರು ಸುಮಾರು 400 ಜನರಿಗೆ ಒಟ್ಟಿಗೆ ಒಂದು ಜಾಹೀರಾತು ಕಳಿಸಿದರು. ಯಾರೂ ಅದನ್ನು ಕೇಳಿರಲಿಲ್ಲ. ಅನೇಕರಿಗೆ ಸಿಟ್ಟು ಬಂತು. ಕೇಳದೆ ಗುಂಪಿಗೆ ಕಳಿಸಿದ ಮೊದಲ ಇ-ಮೇಲ್ ಎಂದು ಇದನ್ನೇ ಹೇಳುತ್ತಾರೆ. ಮುಂದೆ ಇಂಥ ಪತ್ರಗಳು ಲೆಕ್ಕವಿಲ್ಲದಷ್ಟು ಆದವು, ಮೋಸದ ಪತ್ರಗಳೂ ಸೇರಿಕೊಂಡವು. ಆಗ ಇ-ಮೇಲ್ ಕಂಪನಿಗಳು ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಇಟ್ಟವು. ಆ ಕಾವಲುಗಾರ ಮನುಷ್ಯನಲ್ಲ, ಯಂತ್ರ.

ಯಂತ್ರಕ್ಕೆ ನಮ್ಮ ಮುಖ ಗೊತ್ತಿಲ್ಲ. ನಮ್ಮ ಕಷ್ಟ, ನಮ್ಮ ಪ್ರಾಮಾಣಿಕತೆ ಯಾವುದೂ ಗೊತ್ತಿಲ್ಲ. ಅದು ನಡತೆಯ ಲೆಕ್ಕ ಮಾತ್ರ ಇಡುತ್ತದೆ. ನೀವೇ ಯೋಚಿಸಿ, ಬ್ಯಾಂಕಿನವರು ಸಂಘಕ್ಕೆ ಸಾಲ ಕೊಡುವ ಮೊದಲು ಏನು ನೋಡುತ್ತಾರೆ? ಪಂಚಸೂತ್ರ ಪಾಲನೆ ಉಂಟಾ ಎಂದು ನೋಡುತ್ತಾರೆ: ಕ್ರಮವಾಗಿ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಸರಿಯಾದ ಪುಸ್ತಕ ಬರವಣಿಗೆ. ಅದರ ಮೇಲೆ ಸಂಘಕ್ಕೆ ಗ್ರೇಡ್ ಹಾಕುತ್ತಾರೆ. ಇ-ಮೇಲ್ ಕಂಪನಿಯ ಯಂತ್ರವೂ ಪ್ರತಿಯೊಂದು ವಿಳಾಸಕ್ಕೆ ಇಂಥದ್ದೇ ಒಂದು ಗ್ರೇಡ್ ಹಾಕುತ್ತದೆ. ಒಳ್ಳೆಯ ಗ್ರೇಡ್ ಇದ್ದರೆ ಪತ್ರ ಒಳಗೆ, ಇಲ್ಲದಿದ್ದರೆ ಸ್ಪ್ಯಾಮ್ ಡಬ್ಬಕ್ಕೆ. ತೀರಾ ಕೆಟ್ಟರೆ ಬಾಗಿಲಿನಿಂದಲೇ ವಾಪಸು.

ಯಂತ್ರ ಏನೇನು ನೋಡುತ್ತದೆ?

ಮೊದಲನೆಯದು, ದೂರು. ಪತ್ರ ಪಡೆದವರು "ಸ್ಪ್ಯಾಮ್" ಎಂಬ ಗುಂಡಿ ಒತ್ತಿದರೆ ಅದು ನಮ್ಮ ಮೇಲೆ ಬರೆದ ದೂರು. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಕಟ್ಟುನಿಟ್ಟು ಮಾಡಿವೆ. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಜಿಮೇಲ್ ವಿಳಾಸಗಳಿಗೆ ಕಳಿಸುವ ದೊಡ್ಡವರ ಮೇಲಿನ ದೂರು ಸಾವಿರಕ್ಕೆ 3ನ್ನು ಮುಟ್ಟಬಾರದು, ಸಾವಿರಕ್ಕೆ 1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಎಂದು ಜಿಮೇಲ್ ಹೇಳುತ್ತದೆ. ನಾವು ಅಷ್ಟು ದೊಡ್ಡವರಲ್ಲ ನಿಜ. ಆದರೆ ಲೆಕ್ಕ ಹಾಕಿ ನೋಡಿ. ನಮ್ಮ ಪಟ್ಟಿಯಲ್ಲಿ 200 ಜನ ಇದ್ದು ಒಬ್ಬರೇ ಒಬ್ಬರು ದೂರಿದರೂ ಸಾವಿರಕ್ಕೆ 5 ಆಯಿತು! ಚಿಕ್ಕ ಸಂಘದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಹೇಗೆ ಎದ್ದು ಕಾಣುತ್ತದೋ ಹಾಗೆಯೇ.

ಎರಡನೆಯದು, ಇಲ್ಲದ ವಿಳಾಸಗಳಿಗೆ ಬರೆಯುವುದು. ಹತ್ತು ವರ್ಷ ಹಿಂದಿನ ಪ್ರದರ್ಶನದಲ್ಲಿ ಗಿರಾಕಿಗಳು ಬರೆದುಕೊಟ್ಟ ವಿಳಾಸ ಈಗ ಜೀವಂತ ಇರಬೇಕೆಂದಿಲ್ಲ. ಎರಡು ವರ್ಷ ಬಳಸದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರಿನಿಂದ ಅಳಿಸಲು ಆರಂಭಿಸಿದೆ. ಅಂಥ ವಿಳಾಸಕ್ಕೆ ಕಳಿಸಿದ ಪತ್ರ ವಾಪಸು ಬರುತ್ತದೆ. ಪದೇ ಪದೇ ವಾಪಸು ಬಂದರೆ "ಇವರಿಗೆ ತಾವು ಯಾರಿಗೆ ಬರೆಯುತ್ತೇವೆ ಎಂದೇ ಗೊತ್ತಿಲ್ಲ, ಎಲ್ಲಿಂದಲೋ ಪಟ್ಟಿ ತಂದಿದ್ದಾರೆ" ಎಂದು ಯಂತ್ರ ತೀರ್ಮಾನಿಸುತ್ತದೆ. ಹಣ ಕೊಟ್ಟರೆ ಸಾವಿರಾರು ವಿಳಾಸದ ಪಟ್ಟಿ ಸಿಗುತ್ತದೆ ಎಂದು ಆಸೆ ತೋರಿಸುವವರಿದ್ದಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಅಂಥ ಪಟ್ಟಿಗಳಲ್ಲಿ ಸ್ಪ್ಯಾಮ್ ಕಳಿಸುವವರನ್ನು ಹಿಡಿಯಲೆಂದೇ ಇಟ್ಟ ಬಲೆಯ ವಿಳಾಸಗಳೂ ಸೇರಿರುತ್ತವೆ.

ಮೂರನೆಯದು, ಗುರುತು. "ಈ ಪತ್ರ ನಿಜವಾಗಿ ಇವರೇ ಕಳಿಸಿದ್ದಾ?" ಎಂದು ಯಂತ್ರ ಪರೀಕ್ಷಿಸುತ್ತದೆ. ಇದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವ್ಯವಸ್ಥೆಗಳಿವೆ. ಹೆಸರು ಕೇಳಿ ಹೆದರಬೇಡಿ. ಎಸ್‌ಪಿಎಫ್ ಅಂದರೆ ನಮ್ಮ ಪರವಾಗಿ ಪತ್ರ ಕಳಿಸಲು ಯಾವ ಯಂತ್ರಗಳಿಗೆ ಅಧಿಕಾರ ಉಂಟು ಎಂಬ ಪಟ್ಟಿ, ಬ್ಯಾಂಕಿಗೆ ಸಹಿ ಅಧಿಕಾರದ ಠರಾವು ಕೊಟ್ಟ ಹಾಗೆ. ಡಿಕಿಮ್ ಅಂದರೆ ಪತ್ರದ ಮೇಲಿನ ಮೊಹರು, ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಸಾಕ್ಷಿ. ಇವೆರಡೂ ಹೊಂದದಿದ್ದರೆ ಆ ಪತ್ರವನ್ನು ಏನು ಮಾಡಬೇಕು ಎಂದು ನಾವೇ ಮುಂಚಿತವಾಗಿ ತಿಳಿಸಿಡುವುದು ಡಿಮಾರ್ಕ್. ನೀವು ಸಾಧಾರಣ ಜಿಮೇಲ್ ವಿಳಾಸದಿಂದ ಜಿಮೇಲ್‌ನಲ್ಲೇ ಬರೆಯುವವರಾದರೆ ಈ ಕೆಲಸವನ್ನು ಜಿಮೇಲ್‌ನವರೇ ಮಾಡಿರುತ್ತಾರೆ. ಒಕ್ಕೂಟಕ್ಕೆ ಸ್ವಂತ ವೆಬ್‌ಸೈಟ್ ಹೆಸರಿನ ವಿಳಾಸ ಇದ್ದರೆ, ಅದನ್ನು ಮಾಡಿಕೊಟ್ಟವರ ಹತ್ತಿರ "ಈ ಮೂರೂ ಹಾಕಿದ್ದೀರಾ?" ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಹಣ ಕೊಟ್ಟವರಿಗೆ ಕೇಳುವ ಹಕ್ಕು ಉಂಟು.

ನಾಲ್ಕನೆಯದು, ಏಕಾಏಕಿ ರಾಶಿ ಕಳಿಸುವುದು. ವರ್ಷವಿಡೀ ಸುಮ್ಮನಿದ್ದು ಹಬ್ಬದ ಹಿಂದಿನ ದಿನ ಒಮ್ಮೆಲೇ ಎಲ್ಲರಿಗೂ ಕಳಿಸಿದರೆ ಯಂತ್ರಕ್ಕೆ ಸಂಶಯ. ಸಾಧಾರಣ ಜಿಮೇಲ್ ಖಾತೆಯಿಂದ ಒಂದು ದಿನಕ್ಕೆ 500 ಪತ್ರಕ್ಕಿಂತ ಹೆಚ್ಚು ಹೋಗುವುದೂ ಇಲ್ಲ. ಮಿತಿ ದಾಟಿದರೆ 24 ಗಂಟೆಯವರೆಗೆ ಕಳಿಸುವುದೇ ನಿಲ್ಲಬಹುದು. ಹೊಸ ವಿಳಾಸವಾದರೆ ಪರಿಚಯದ ಗಿರಾಕಿಗಳಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿ. ಸಂಘ ಶುರುವಾದ ಮೊದಲ ತಿಂಗಳಿಗೇ ನಾವು ದೊಡ್ಡ ಸಾಲ ಕೇಳ್ತೇವಾ?

ಪಟ್ಟಿಯನ್ನು ಚೊಕ್ಕವಾಗಿಡುವುದು

ಇನ್ನು ಮುಖ್ಯವಾದ ಮಾತು. ವಿಳಾಸದ ಮರ್ಯಾದೆ ಉಳಿಯುವುದು ಪಟ್ಟಿಯಿಂದ. ಪಟ್ಟಿ ಉದ್ದ ಇರಬೇಕೆಂದಿಲ್ಲ, ಸತ್ಯವಾಗಿರಬೇಕು. ಅದಕ್ಕೆ ಜಮಾ-ಖರ್ಚಿನ ಪುಸ್ತಕದ ಹಾಗೆ ಒಂದು ಪುಸ್ತಕ ಇಡಿ. ಹೆಸರು, ವಿಳಾಸ, ಯಾವ ದಿನ, ಎಲ್ಲಿ ಒಪ್ಪಿಗೆ ಕೊಟ್ಟರು ಎಂದು ಬರೆಯಿರಿ. ವಿಳಾಸ ಬರೆದುಕೊಂಡ ಕೂಡಲೇ ಅವರ ಎದುರೇ ಗಟ್ಟಿಯಾಗಿ ಓದಿ ಹೇಳಿ. ಒಂದು ಅಕ್ಷರ ಆಚೀಚೆ ಆದರೂ ಪತ್ರ ಮುಟ್ಟುವುದಿಲ್ಲ. "ನಮ್ಮ ಬೆಲೆಪಟ್ಟಿ ಕಳಿಸಬಹುದಾ?" ಎಂದು ಕೇಳಿಯೇ ಸೇರಿಸಿ. ನಮ್ಮ ದೇಶದಲ್ಲಿ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬುಡವೂ ಇದೇ ಒಪ್ಪಿಗೆ. ಕೊಟ್ಟ ಒಪ್ಪಿಗೆಯನ್ನು ಅಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಲೂ ಆಗಬೇಕು ಎಂದು ಅದು ಹೇಳುತ್ತದೆ.

ಆದ್ದರಿಂದ ಪ್ರತಿ ಪತ್ರದ ಕೊನೆಗೆ "ಇನ್ನು ಮುಂದೆ ಬೇಡವಾದರೆ 'ಬೇಡ' ಎಂದು ಉತ್ತರಿಸಿ" ಎಂದು ಬರೆಯಿರಿ. ಬೇಡ ಅಂದವರನ್ನು ಎರಡು ದಿನದೊಳಗೆ ತೆಗೆಯಿರಿ. ಬೇಸರ ಬೇಡ. ಬೇಡ ಅನ್ನಲು ದಾರಿ ಇಲ್ಲದವರೇ ಕೊನೆಗೆ ಸ್ಪ್ಯಾಮ್ ಗುಂಡಿ ಒತ್ತುವುದು. ಹಾಗೆ ತೆಗೆದ ಹೆಸರುಗಳನ್ನು ಪೂರ್ತಿ ಅಳಿಸದೆ 'ಬೇಡ ಎಂದವರು' ಎಂಬ ಬೇರೆ ಪುಟದಲ್ಲಿ ಇಡಿ. ಇಲ್ಲದಿದ್ದರೆ ಮುಂದಿನ ವರ್ಷ ಹೊಸ ಪದಾಧಿಕಾರಿಗಳು ಹಳೆಯ ಚೀಟಿ ನೋಡಿ ಅವರನ್ನೇ ಮತ್ತೆ ಸೇರಿಸುತ್ತಾರೆ.

ವಾಪಸು ಬಂದ ಪತ್ರಗಳಲ್ಲಿ ಎರಡು ಜಾತಿ. ವಾಪಸಿನ ಸೂಚನೆಯಲ್ಲಿ ಒಂದು ಮೂರಂಕಿಯ ಸಂಖ್ಯೆ ಇರುತ್ತದೆ. 5ರಿಂದ ಆರಂಭವಾದರೆ, ಉದಾಹರಣೆಗೆ 550, ಆ ಪತ್ರವನ್ನು ಖಡಾಖಂಡಿತ ನಿರಾಕರಿಸಿದ್ದಾರೆ ಎಂದರ್ಥ. ಹೆಚ್ಚಾಗಿ ವಿಳಾಸವೇ ಇಲ್ಲದಿದ್ದರೆ ಹೀಗಾಗುತ್ತದೆ. ಕೆಳಗೆ ಬರೆದ ಕಾರಣ ಓದಿ. ವಿಳಾಸ ಇಲ್ಲವೆಂದಿದ್ದರೆ ಕೂಡಲೇ ತೆಗೆಯಿರಿ. 4ರಿಂದ ಆರಂಭವಾದರೆ ತಾತ್ಕಾಲಿಕ ತೊಂದರೆ. ಅಲ್ಲಿನ ಯಂತ್ರ ಆ ಹೊತ್ತಿಗೆ ಕೆಲಸ ಮಾಡದೇ ಇರಬಹುದು. ಅಂಥವರನ್ನು ಒಂದೇ ಸಲಕ್ಕೆ ಕೈಬಿಡಬೇಡಿ.

ಪತ್ರಗಳನ್ನು ಒಟ್ಟಿಗೆ ಕಳಿಸಿಕೊಡುವ ಕಂಪನಿಗಳ ಸೇವೆಯನ್ನು ಕೆಲವು ಒಕ್ಕೂಟಗಳು ಬಳಸಬಹುದು. ಅಲ್ಲಿ ವಾಪಸು ಬಂದ ವಿಳಾಸ, ದೂರು ಕೊಟ್ಟ ವಿಳಾಸಗಳನ್ನು ಯಂತ್ರವೇ ಸೋಸಿ ಬದಿಗಿಡುತ್ತದೆ. ಒಳ್ಳೆಯದೇ. ಆದರೆ ಸೋಸುವ ಜರಡಿಯಲ್ಲಿ ಕಲ್ಲಿನ ಜೊತೆ ಕೆಲವೊಮ್ಮೆ ಅಕ್ಕಿಯೂ ನಿಲ್ಲುತ್ತದೆ. ನಾಲ್ಕು ವರ್ಷದಿಂದ ಉಪ್ಪಿನಕಾಯಿ ತರಿಸುವ ಗಿರಾಕಿಯ ಪೆಟ್ಟಿಗೆ ತುಂಬಿದ ಕಾರಣಕ್ಕೆ ಅವರ ಹೆಸರೂ ಬದಿಗೆ ಹೋಗಿರಬಹುದು. ಆದುದರಿಂದ ತಿಂಗಳಿಗೊಮ್ಮೆ ಆ ಬದಿಗಿಟ್ಟ ಪಟ್ಟಿಯನ್ನು ಇಬ್ಬರು ಕೂತು ಓದಿ. ಪರಿಚಯದ ಹೆಸರು ಕಂಡರೆ ಫೋನ್ ಮಾಡಿ, ವಿಳಾಸ ಸರಿಯಾ ಎಂದು ವಿಚಾರಿಸಿ. ಆದರೆ ದೂರು ಕೊಟ್ಟವರನ್ನು, ಬೇಡ ಎಂದವರನ್ನು ಅವರಾಗಿ ಕೇಳದೆ ಮತ್ತೆ ಸೇರಿಸಬಾರದು. ಸೋಸುವುದು ಯಂತ್ರದ ಕೆಲಸ, ಗಿರಾಕಿಯನ್ನು ಗುರುತಿಸುವುದು ನಮ್ಮ ಕೆಲಸ.

ನಮಗೆ ಬರುವ ಪತ್ರಗಳ ಬಗ್ಗೆ

ಇದೇ ಯಂತ್ರ ನಮ್ಮ ಬಾಗಿಲಲ್ಲೂ ಕೂತಿದೆ. ಹೊಸ ಗಿರಾಕಿಯ ಆರ್ಡರ್, ಬ್ಯಾಂಕಿನ ಪತ್ರ ನಮ್ಮ ಸ್ಪ್ಯಾಮ್ ಡಬ್ಬಕ್ಕೆ ಬಿದ್ದಿರಬಹುದು. ಜಿಮೇಲ್‌ನಲ್ಲಿ ಅಲ್ಲಿ ಬಿದ್ದ ಪತ್ರ 30 ದಿನದ ನಂತರ ತಾನಾಗಿ ಅಳಿಸಿಹೋಗುತ್ತದೆ. ಆದ್ದರಿಂದ ವಾರದ ಸಭೆಯ ದಿನ ಸ್ಪ್ಯಾಮ್ ಡಬ್ಬ ನೋಡುವುದನ್ನೂ ಕ್ರಮ ಮಾಡಿಕೊಳ್ಳಿ. ಒಳ್ಳೆಯ ಪತ್ರ ಇದ್ದರೆ "ಸ್ಪ್ಯಾಮ್ ಅಲ್ಲ" ಎಂದು ಒತ್ತಿ, ಆ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸಿ. ಕಂಪ್ಯೂಟರಿನಲ್ಲಾದರೆ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಿಲ್ಟರ್ ಮಾಡಿ "ಈ ವಿಳಾಸದ ಪತ್ರವನ್ನು ಎಂದೂ ಸ್ಪ್ಯಾಮ್‌ಗೆ ಹಾಕಬೇಡ" ಎಂದು ಹೇಳಿಡಬಹುದು. ನಮ್ಮ ಗಿರಾಕಿಗಳಿಗೂ "ನಮ್ಮ ವಿಳಾಸವನ್ನು ಹೀಗೇ ಸೇರಿಸಿಕೊಳ್ಳಿ" ಎಂದು ತಿಳಿಸಿ.

ಆದರೆ ಎಚ್ಚರ! ಡಬ್ಬದಲ್ಲಿ ಮೋಸದ ಪತ್ರಗಳೂ ಇರುತ್ತವೆ. "ನಿಮ್ಮ ಖಾತೆ ಮುಚ್ಚುತ್ತದೆ, ಇಲ್ಲಿ ಒತ್ತಿ" ಎಂದು ಬಂದರೆ ಒತ್ತಬೇಡಿ. ಒಮ್ಮೆ ಪಾಸ್‌ವರ್ಡ್ ಕಳ್ಳರ ಕೈಸೇರಿದರೆ ಅವರು ನಮ್ಮ ಹೆಸರಿನಲ್ಲೇ ಸಾವಿರಾರು ಜನರಿಗೆ ಮೋಸದ ಪತ್ರ ಕಳಿಸುತ್ತಾರೆ. ವರ್ಷಗಟ್ಟಲೆ ಕಟ್ಟಿದ ಮರ್ಯಾದೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಆದ್ದರಿಂದ ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಹತ್ತಿರ ಮಾತ್ರ ಇರಲಿ. ಪದಾಧಿಕಾರಿಗಳು ಬದಲಾದ ದಿನವೇ ಅದೂ ಬದಲಾಗಲಿ. ಎರಡು ಹಂತದ ಪರಿಶೀಲನೆ ಹಾಕಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಮುಂದಿನ ಸಭೆಯಲ್ಲಿ ಏನು ಮಾಡೋಣ?

ನಿಮ್ಮ ಒಕ್ಕೂಟದ ಮುಂದಿನ ಸಭೆಯಲ್ಲಿ ಈ ಐದು ಠರಾವು ಬರೆಯಿರಿ ಎಂದು ನಾವು ಕೇಳಿಕೊಳ್ಳುತ್ತೇವೆ.

1. ಒಪ್ಪಿಗೆ ಕೇಳದೆ ಯಾರ ವಿಳಾಸವನ್ನೂ ಸೇರಿಸುವುದಿಲ್ಲ, ಪಟ್ಟಿ ಖರೀದಿಸುವುದಿಲ್ಲ.
2. ಬೇಡ ಎಂದವರನ್ನು ಎರಡು ದಿನದೊಳಗೆ ತೆಗೆಯುತ್ತೇವೆ.
3. ತಿಂಗಳಿಗೊಮ್ಮೆ ವಾಪಸು ಬಂದ ಮತ್ತು ಬದಿಗಿಟ್ಟ ವಿಳಾಸಗಳನ್ನು ಇಬ್ಬರು ನೋಡುತ್ತೇವೆ.
4. ಎಲ್ಲರಿಗೂ ಒಟ್ಟಿಗೆ ಕಳಿಸುವಾಗ ವಿಳಾಸಗಳನ್ನು ಬಿಸಿಸಿ ಜಾಗದಲ್ಲೇ ಹಾಕುತ್ತೇವೆ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು.
5. ವಾರಕ್ಕೊಮ್ಮೆ ಸ್ಪ್ಯಾಮ್ ಡಬ್ಬ ನೋಡುತ್ತೇವೆ.

ಈ ಕೆಲಸಕ್ಕೆ ಇಬ್ಬರನ್ನು ನೇಮಿಸಿ. ಅದರಲ್ಲಿ ಒಬ್ಬಳು ಕಂಪ್ಯೂಟರ್ ಕಲಿತ ಮಗಳೋ ಸೊಸೆಯೋ ಆಗಲಿ, ಇನ್ನೊಬ್ಬಳು ಗಿರಾಕಿಗಳ ಹೆಸರು ಬಾಯಿಪಾಠ ಇರುವ ಹಿರಿಯ ಸದಸ್ಯೆಯಾಗಲಿ. ಇಬ್ಬರೂ ಬೇಕು.

ಸಹೋದರಿಯರೇ, "ಇವರು ಬಡವರು, ಓದಿಲ್ಲದವರು, ಸಾಲ ತೀರಿಸುವುದಿಲ್ಲ" ಎಂದವರ ಎದುರು ಕಂತು ಕಂತಾಗಿ ಕಟ್ಟಿ ಹೆಸರು ಗಳಿಸಿದವರು ನೀವು. ಅದೇ ಶಿಸ್ತು ಇಲ್ಲಿ ಸಾಕು. ಕೇಳಿದವರಿಗೆ ಮಾತ್ರ ಬರೆಯಿರಿ, ಬೇಡ ಎಂದವರನ್ನು ಬಿಟ್ಟುಬಿಡಿ, ಪುಸ್ತಕ ಸರಿ ಇಡಿ. ನಿಮ್ಮ ಪತ್ರ ಹೋಗಬೇಕಾದ ಮನೆಗೆ ಹೋಗಿ ಮುಟ್ಟುತ್ತದೆ.