ಕಂಟ್ರೋಲ್ ಬೇರೆ, ಗ್ರಿಪ್ ಬೇರೆ

ಇಂಗ್ಲಿಷ್ ಬಾರದವರ ನಾಲಿಗೆಯಲ್ಲೂ ನೆಲೆಯೂರಿರುವ ಇಂಗ್ಲಿಷ್ ಪದಗಳಲ್ಲಿ ‘ಕಂಟ್ರೋಲ್’ ಒಂದು. ಆ ಮೇಷ್ಟರಿಗೆ ಕ್ಲಾಸ್ ಕಂಟ್ರೋಲ್ ಇಲ್ಲ ಎನ್ನುತ್ತೇವೆ. ಸಿಹಿ ಕಂಡರೆ ನಾಲಿಗೆ ಕಂಟ್ರೋಲಿನಲ್ಲಿ ಇರುವುದಿಲ್ಲ ಎನ್ನುತ್ತೇವೆ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಇದ್ದಾರೆ, ಪೊಲೀಸರಿಗೆ ಕಂಟ್ರೋಲ್ ರೂಮ್ ಇದೆ. ಇಷ್ಟು ಕಡೆ ಬಳಸಿದ ಮೇಲೆ ಅದರ ಅರ್ಥ ನಮಗೆ ಗೊತ್ತೇ ಇದೆ ಎಂದುಕೊಂಡಿದ್ದೇವೆ. ಅಂದರೆ ಹಿಡಿತ, ಬಿಗಿಮುಷ್ಟಿ. ಮುಷ್ಟಿಯೊಳಗೆ ಬಂದ ಮೇಲೆ ಕೆಲಸ ಮುಗಿಯಿತು. ಈ ತಿಳಿವಳಿಕೆಯಿಂದ ನಮ್ಮ ಮನೆಯಲ್ಲಿ ಒಂದು ಅನಾಹುತವಾಯಿತು. ಅದನ್ನು ಹೇಳಿಯೇ ಮುಂದುವರಿಯುತ್ತೇನೆ.

ನಮ್ಮ ದೊಡ್ಡಪ್ಪನವರಿಗೆ ರಕ್ತದೊತ್ತಡ. ಆರು ತಿಂಗಳು ಮಾತ್ರೆ ನುಂಗಿದ ಮೇಲೆ ವೈದ್ಯರು ಪರೀಕ್ಷಿಸಿ ‘ಬಿ.ಪಿ. ಅಂಡರ್ ಕಂಟ್ರೋಲ್’ ಎಂದರು. ದೊಡ್ಡಪ್ಪ ಸಂತೋಷದಿಂದ ಮನೆಗೆ ಬಂದು, “ಕಂಟ್ರೋಲಿಗೆ ಬಂತಂತೆ ಕಣೋ, ಇನ್ನು ಮಾತ್ರೆಗೆ ಯಾಕೆ ದುಡ್ಡು ಸುರಿಯೋದು?” ಎಂದರು; ನಿಲ್ಲಿಸಿಯೂಬಿಟ್ಟರು. ರಕ್ತದೊತ್ತಡ ಏರಿದ್ದು ಸಾಮಾನ್ಯವಾಗಿ ಮೈಗೆ ತಿಳಿಯುವುದಿಲ್ಲ. ಅವರಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯ ವರಾಂಡದಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು, “ಎತ್ತು ಪಳಗಿತು ಅಂತ ಮೂಗುದಾರ ಬಿಚ್ಚಿಬಿಟ್ಟರಲ್ಲಪ್ಪ” ಎಂದರು. ಇಂಗ್ಲಿಷಿನ ಒಂದಕ್ಷರ ಬಾರದ ಆಕೆಗೆ ಆ ಪದದ ಅರ್ಥ ಸಿಕ್ಕಿತ್ತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು, ದೊಡ್ಡಪ್ಪ ದುಡ್ಡಿನ ಮಾತು ಆಡಿದ ದಿನ ಸುಮ್ಮನೆ ತಲೆಯಾಡಿಸಿದ್ದೆ.

ಈ ‘ಕಂಟ್ರೋಲ್’ ಹುಟ್ಟಿದ್ದು ಮುಷ್ಟಿಯಲ್ಲಿ ಅಲ್ಲ, ಲೆಕ್ಕದ ಕೋಣೆಯಲ್ಲಿ. ಲ್ಯಾಟಿನ್ನಿನ ‘ಕಾಂಟ್ರಾ’ ಎಂದರೆ ಎದುರು. ‘ರೊಟುಲುಸ್’ ಎಂದರೆ ಸುರುಳಿ. ಎರಡೂ ಸೇರಿದರೆ ಎದುರು ಸುರುಳಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಜ್ಯದ ಆದಾಯದ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆದು ಸುರುಳಿ ಸುತ್ತಿಡುತ್ತಿದ್ದರು. 1130ರ ಸುರುಳಿ ಇಂದಿಗೂ ಉಳಿದಿದೆ. ಬರೆದವನೇ ತಿದ್ದಿದರೆ ಕೇಳುವವರು ಯಾರು? ಆದ್ದರಿಂದ ಅದೇ ಲೆಕ್ಕದ ಇನ್ನೊಂದು ಪ್ರತಿ ಇನ್ನೊಬ್ಬ ಅಧಿಕಾರಿಯ ಬಳಿ ಇರುತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡುವುದೇ ಕಂಟ್ರೋಲ್. ತಾಳೆ ನೋಡುವುದನ್ನು ನಿಲ್ಲಿಸಿದ ದಿನ ಕಂಟ್ರೋಲೂ ನಿಂತಿತು.

ಈ ಹಳೆಯ ಅರ್ಥ ನಮ್ಮ ಸಂವಿಧಾನದಲ್ಲೂ ಇದೆ. 148ನೆಯ ವಿಧಿಯ ‘ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್’ ಸರ್ಕಾರದ ಲೆಕ್ಕವನ್ನು ತಾಳೆ ನೋಡುವವರು. ಅಲ್ಲಿ ನಡುವೆ ನುಸುಳಿರುವ ‘ಪ’ಕಾರ, ಫ್ರೆಂಚಿನಲ್ಲಿ ಲೆಕ್ಕ ಎಂಬ ಅರ್ಥದ ಪದದೊಡನೆ ಗೊಂದಲ ಮಾಡಿಕೊಂಡ ಹಳೆಯ ಗುಮಾಸ್ತರ ಕೊಡುಗೆ. ಉಚ್ಚಾರಣೆ ಕಂಟ್ರೋಲರ್ ಎಂದೇ ಆದರೂ ನಡೆಯುತ್ತದೆ. ನಮ್ಮ ಅಜ್ಜಿ ಎರಡನೆಯ ಮಹಾಯುದ್ಧದ ದಿನಗಳನ್ನು ‘ಕಂಟ್ರೋಲು ಕಾಲ’ ಎನ್ನುತ್ತಿದ್ದರು. ಮನೆಯಲ್ಲೊಂದು ಕಾರ್ಡು, ಅಂಗಡಿಯಲ್ಲೊಂದು ಪುಸ್ತಕ. ಎರಡೂ ತಾಳೆಯಾದರೆ ಅಕ್ಕಿ. ಪದಕೋಶ ನೋಡದೆಯೇ ಅಜ್ಜಿ ಮೂಲಾರ್ಥಕ್ಕೆ ಹತ್ತಿರವಿದ್ದರು.

ಇನ್ನು ‘ಗ್ರಿಪ್’. ಇದು ಲೆಕ್ಕಪತ್ರದ ಪದವಲ್ಲ, ಬೆರಳಿನ ಪದ. ಇಂಗ್ಲಿಷಿನ ಅತ್ಯಂತ ಹಳೆಯ ಪದಸಂಪತ್ತಿಗೆ ಸೇರಿದ್ದು. ಕೂಸಿಗೆ ಹೊಟ್ಟೆ ನುಲಿದರೆ ಕುಡಿಸುವ ‘ಗ್ರೈಪ್ ವಾಟರ್’ ಇದರ ಒಡಹುಟ್ಟು: ಕರುಳನ್ನು ಯಾರೋ ಹಿಡಿದು ಹಿಂಡಿದಂತಹ ನೋವಿಗೆ ‘ಗ್ರೈಪ್’ ಎಂದು ಹೆಸರು. ಸೊಂಟ ಹಿಡಿದುಕೊಂಡಿದೆ, ಕತ್ತು ಹಿಡಿದುಕೊಂಡಿದೆ ಎಂದು ನಾವೂ ಹೇಳುತ್ತೇವಲ್ಲ, ಅದೇ ಕಲ್ಪನೆ. ಆದರೆ ಒಂದು ಎಚ್ಚರ ಬೇಕು. ‘ಎ ಫರ್ಮ್ ಗ್ರಿಪ್ ಆನ್’ ಎಂದರೆ ಹಿಡಿದವರು ನಾವು. ‘ಇನ್ ದ ಗ್ರಿಪ್ ಆಫ್’ ಎಂದರೆ ಸಿಕ್ಕಿಬಿದ್ದವರು ನಾವು. ಜ್ವರದ, ಭಯದ, ಬರಗಾಲದ ಮಾತು ಬಂದಾಗ ಎರಡನೆಯದೇ ಸರಿ.

ಇವೆರಡರ ವ್ಯತ್ಯಾಸವನ್ನು ಲಾರಿ ಚಾಲಕರು ನಮಗಿಂತ ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಘಾಟಿ ಇಳಿಯುವಾಗ ಗ್ರಿಪ್ ಇರಬೇಕಾದದ್ದು ಟೈರಿಗೆ, ಕಂಟ್ರೋಲ್ ಇರಬೇಕಾದದ್ದು ಚಾಲಕನಿಗೆ. ಟೈರು ರಸ್ತೆಯನ್ನು ಕಚ್ಚಿ ಹಿಡಿದಿದ್ದರೂ ತಿರುವು ತಿರುವಿಗೆ ನೋಡಿ ಸ್ಟಿಯರಿಂಗ್ ತಿದ್ದುತ್ತಲೇ ಇರಬೇಕು. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದವನಿಗೆ ಗ್ರಿಪ್ ಇದೆ, ಕಂಟ್ರೋಲ್ ಇಲ್ಲ.

ಕುದುರೆಯಿಂದ ಬಂದ ಪದಗಳೂ ಇವೆ. ‘ಮ್ಯಾನೇಜ್’ ಇಟಾಲಿಯನ್ನಿನಲ್ಲಿ ಕುದುರೆ ಪಳಗಿಸುವ ಮಾತಾಗಿತ್ತು. ಅದರ ಬೇರು ಕೈ ಎಂಬ ಅರ್ಥದ ಲ್ಯಾಟಿನ್ ‘ಮಾನುಸ್’. ‘ಹೇಗೋ ಮ್ಯಾನೇಜ್ ಮಾಡಿದೆ’ ಎಂದು ನಾವು ಲಂಚಕ್ಕೂ ಸಾಲಕ್ಕೂ ಅದನ್ನು ಇಳಿಸಿರುವುದು ಬೇರೆ ಮಾತು. ‘ರೇನ್’ ಲಗಾಮು, ‘ಕರ್ಬ್’ ಕಡಿವಾಣದ ಪಟ್ಟಿ. ಕಡಿವಾಣ, ಲಗಾಮು, ಅಂಕುಶ, ಮೂಗುದಾರ ಎಂದು ಕನ್ನಡಕ್ಕೆ ಈ ಸಂಪತ್ತು ಧಾರಾಳವಾಗಿದೆ. ಅದನ್ನೆಲ್ಲ ಬಿಟ್ಟು ಎಲ್ಲಕ್ಕೂ ‘ನಿಯಂತ್ರಣ’ ಎಂದು ಬರೆಯುವುದು ನನಗೆ ರುಚಿಸದು. ‘ಅಂಕೆಯಿಲ್ಲದ ಚತುರೆ ಲಗಾಮಿಲ್ಲದ ಕುದುರೆ’ ಎಂಬ ಗಾದೆ ಮಾತ್ರ ನನಗೆ ಬೇಡ. ದೊಡ್ಡಮ್ಮನ ಮಾತು ಕೇಳಿದ ಮೇಲಂತೂ ಖಂಡಿತ ಬೇಡ.

ಕೊನೆಗೆ, ಅರ್ಜಿ ಬರೆಯುವ ವಿದ್ಯಾರ್ಥಿಗಳು ಎಡವುವ ಒಂದು ಜಾಗ. ‘ಇನ್ ಕಂಟ್ರೋಲ್’ ಎಂದರೆ ನಡೆಸುವವರು. ‘ಅಂಡರ್ ಕಂಟ್ರೋಲ್’ ಎಂದರೆ ನಡೆಸಿಕೊಳ್ಳುವವರು. ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು. ನಡುವೆ ಒಂದು ‘ದ’ ಸೇರಿಸಿ ‘ಇನ್ ದ ಚಾರ್ಜ್ ಆಫ್’ ಎಂದರೆ ಅವರ ವಶದಲ್ಲಿ ಇರುವವರು. ಈಗ ನಮ್ಮ ಮನೆಯಲ್ಲಿ ಮಾತ್ರೆ ಡಬ್ಬಿಗೆ ದೊಡ್ಡಮ್ಮ ಇನ್ ಚಾರ್ಜ್, ದೊಡ್ಡಪ್ಪ ಇನ್ ದ ಚಾರ್ಜ್ ಆಫ್ ದೊಡ್ಡಮ್ಮ. ಮಾತ್ರೆ ಕೊಟ್ಟ ಕೂಡಲೇ ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುತ್ತಾರೆ. ತಿಂಗಳಿಗೊಮ್ಮೆ ಆ ಹಾಳೆಯನ್ನು ಮಡಿಸಿಕೊಂಡು ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಯ ಕಾರ್ಡಿನಲ್ಲಿ ಬರೆದದ್ದನ್ನೂ ತಮ್ಮ ಗೀಟುಗಳನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ.